ಚಿಂತೆ ಚರ್ಮಕ್ಕಿಳಿದಾಗ

ಭರತಮುನಿಯ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸುತ್ತದೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಈ ಎಂಟರಲ್ಲಿ ಮೂರು ಚರ್ಮದ ಮೇಲೆಯೇ ತೋರತಕ್ಕವು: ಮೈ ಬೆವರುವುದು, ಕೂದಲು ನಿಮಿರುವುದು, ಬಣ್ಣ ಕೆಡುವುದು. ಮನಸ್ಸಿನಲ್ಲಿ ನಡೆದುದನ್ನು ಮೈ ಮುಚ್ಚಿಡಲಾರದೆಂಬುದನ್ನು ನಟರಿಗೆ ಪಾಠ ಹೇಳಿದವರು ಬಹು ಹಿಂದೆಯೇ ಕಂಡುಕೊಂಡಿದ್ದರು. ಕನ್ನಡದ ಆಡುಮಾತಿಗೂ ಇದು ಹೊಸತಲ್ಲ. ಸಿಟ್ಟಿಗೆ ಮೈ ಉರಿಯುತ್ತದೆ, ನಾಚಿಕೆಗೆ ಕೆನ್ನೆ ಕೆಂಪೇರುತ್ತದೆ, ಭಯಕ್ಕೆ ಮುಖ ಬಿಳಿಚಿಕೊಳ್ಳುತ್ತದೆ, ಒಳ್ಳೆಯ ಹಾಡು ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಇವೆಲ್ಲ ಗಳಿಗೆಯ ಮಾತು. ಭಾವ ಇಳಿದೊಡನೆ ಚರ್ಮವೂ ಎಂದಿನಂತಾಗುತ್ತದೆ. ಆದರೆ ಚಿಂತೆಯು ತಿಂಗಳುಗಟ್ಟಲೆ ಬಿಡದೆ ಕಾಡಿದರೆ? ಮದುವೆಗೆ ಮಾಡಿದ ಸಾಲ, ಹಾಸಿಗೆ ಹಿಡಿದ ಹಿರಿಯರ ಆರೈಕೆ, ಕೈತಪ್ಪಬಹುದಾದ ನೌಕರಿ, ಬಾಗಿಲಲ್ಲಿ ನಿಂತ ಪರೀಕ್ಷೆ, ಇವು ಗಳಿಗೆಯಲ್ಲಿ ಮುಗಿಯುವುವಲ್ಲ. ಚಿತೆಗೂ ಚಿಂತೆಗೂ ನಡುವೆ ಒಂದು ಸೊನ್ನೆಯಷ್ಟೇ ವ್ಯತ್ಯಾಸವೆಂದೂ, ಚಿತೆ ಸುಡುವುದು ಸತ್ತವರನ್ನು, ಚಿಂತೆ ಸುಡುವುದು ಬದುಕಿರುವವರನ್ನು ಎಂದೂ ಹಿರಿಯರು ಹೇಳುವುದುಂಟು. ಈ ಸುಡುವಿಕೆಯನ್ನು ವೈದ್ಯವಿಜ್ಞಾನವು ದಿನಗಳಲ್ಲಿ, ಮಿಲಿಮೀಟರುಗಳಲ್ಲಿ ಅಳೆದು ನೋಡಿದೆ. ಅಳೆದ ಮೇಲೆ ಅದು ಹೇಳುವ ಮಾತಿಗೆ ಎರಡು ಮುಖ. ಚಿಂತೆಯು ಚರ್ಮವನ್ನು ನಿಜವಾಗಿಯೂ ಕೆಡಿಸುತ್ತದೆ, ಇದು ಮೊದಲನೆಯದು. ಚರ್ಮದ ಎಲ್ಲ ಕೇಡಿಗೂ ಚಿಂತೆಯೇ ಕಾರಣವೆಂದು ರೋಗಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ, ಇದು ಎರಡನೆಯದು.

ಒಂದೇ ಪದರದಿಂದ ಹುಟ್ಟಿದವು

ವಯಸ್ಕರ ಮೈಯ ಚರ್ಮದ ವಿಸ್ತಾರ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರು. ಅದನ್ನು ದೇಹದ ಹೊದಿಕೆಯೆಂದು ಮಾತ್ರ ತಿಳಿದವರಿಗೆ ಮನಸ್ಸಿಗೂ ಅದಕ್ಕೂ ಏನು ಸಂಬಂಧವೆಂಬ ಸಂಶಯ ಬರುವುದು ಸಹಜ. ಆದರೆ ಗರ್ಭದಲ್ಲಿ ಶಿಶು ರೂಪುಗೊಳ್ಳುವ ಬಗೆಯನ್ನು ನೋಡಿದರೆ ಸಂಬಂಧವು ಎಷ್ಟು ಹತ್ತಿರದ್ದೆಂದು ಗೊತ್ತಾಗುತ್ತದೆ. ಗರ್ಭ ನಿಂತ ಮೂರನೆಯ ವಾರದಲ್ಲಿ ಪಿಂಡದ ಹೊರಪದರದ ಒಂದು ಭಾಗವು ದಪ್ಪನಾಗಿ, ಬಳಿಕ ಒಳಕ್ಕೆ ಮಡಿಚಿಕೊಂಡು ಮಿದುಳು ಮತ್ತು ಬೆನ್ನುಹುರಿಯಾಗುತ್ತದೆ. ಹೊರಗೆ ಉಳಿದ ಭಾಗವು ಹೊರಚರ್ಮವಾಗುತ್ತದೆ. ಎರಡೂ ಒಂದೇ ತಾಯಪದರದ ಮಕ್ಕಳು. ಬೆಳೆದು ದೂರವಾದ ಮೇಲೂ ನರಗಳ ಮೂಲಕ, ರಕ್ತದಲ್ಲಿ ಹರಿಯುವ ಹಾರ್ಮೋನುಗಳ ಮೂಲಕ ಅವುಗಳ ನಡುವಣ ಮಾತುಕತೆ ನಿಲ್ಲುವುದಿಲ್ಲ.

ಆ ಮಾತುಕತೆಯ ಬಗೆಯನ್ನು ಅರಿಯಲು ದಾರಿ ತೋರಿದವರಲ್ಲಿ ಹ್ಯಾನ್ಸ್ ಸೆಲ್ಯೆ ಪ್ರಮುಖರು. ವಿಯೆನ್ನಾದಲ್ಲಿ ಹುಟ್ಟಿ, ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಕೆಲಸಮಾಡಿದ ಈ ವೈದ್ಯರು 1936ರಲ್ಲಿ ಒಂದು ಚಿಕ್ಕ ಪತ್ರವನ್ನು ಪ್ರಕಟಿಸಿದರು. ಚಳಿಯಾಗಲಿ, ಗಾಯವಾಗಲಿ, ಅತಿಶ್ರಮವಾಗಲಿ, ಇಲಿಗಳಿಗೆ ಕೊಟ್ಟ ತೊಂದರೆ ಯಾವುದೇ ಇರಲಿ, ಅವುಗಳ ದೇಹ ತೋರುವ ಪ್ರತಿಕ್ರಿಯೆ ಒಂದೇ ಬಗೆಯದೆಂಬುದೇ ಅದರ ತಿರುಳು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಈ ಪ್ರತಿಕ್ರಿಯೆಯಲ್ಲಿ ಹಿಗ್ಗಿಕೊಳ್ಳುತ್ತಿದ್ದವು.

ಹುಲಿ ಎದುರಾದಾಗ ಈ ಏರ್ಪಾಡು ಜೀವ ಉಳಿಸುತ್ತದೆ. ಮಿದುಳಿನಿಂದ ಆಜ್ಞೆ ಹೊರಟು ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತವೆ. ಚರ್ಮದ ರಕ್ತನಾಳಗಳು ಕುಗ್ಗಿ ರಕ್ತವು ಓಡುವ ಕಾಲಿಗೆ, ಹೊಡೆಯುವ ತೋಳಿಗೆ ಹರಿಯುತ್ತದೆ. ಗಾಯ ವಾಸಿಮಾಡುವುದು, ಹಳೆಯ ಪದರವನ್ನು ತೆಗೆದು ಹೊಸದನ್ನು ಕಟ್ಟುವುದು ಮೊದಲಾದ ಮನೆಗೆಲಸಗಳು ಸದ್ಯಕ್ಕೆ ಬದಿಗೆ ಸರಿಯುತ್ತವೆ. ಹುಲಿ ಹೋದ ಮೇಲೆ ಎಲ್ಲವೂ ತಂತಮ್ಮ ಕೆಲಸಕ್ಕೆ ಮರಳುತ್ತವೆ. ಸಾಲದ ಚಿಂತೆಯೆಂಬ ಹುಲಿಯಾದರೋ ಮನೆಯಲ್ಲೇ ಮಲಗಿರುತ್ತದೆ. ಆಗ ಬದಿಗೆ ಸರಿದ ಮನೆಗೆಲಸ ಬದಿಯಲ್ಲೇ ಉಳಿಯುತ್ತದೆ.

ಆರೈಕೆ ಮಾಡುವವರ ಗಾಯ

ಇದು ಕೇವಲ ಊಹೆಯಲ್ಲವೆಂಬುದನ್ನು ಅಮೆರಿಕದ ಓಹಾಯೋ ರಾಜ್ಯದ ವಿಶ್ವವಿದ್ಯಾನಿಲಯದ ಒಂದು ಪ್ರಯೋಗ ತೋರಿಸಿತು. ಮನಶ್ಶಾಸ್ತ್ರಜ್ಞೆ ಜಾನಿಸ್ ಕೀಕೋಲ್ಟ್ ಗ್ಲೇಸರ್ ಮತ್ತು ಅವರ ಸಂಗಡಿಗರು ಇದನ್ನು 1995ರಲ್ಲಿ ಪ್ರಕಟಿಸಿದರು. ಮರೆವಿನ ರೋಗಕ್ಕೆ ತುತ್ತಾದ ಬಂಧುವನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿದ್ದ 13 ಮಂದಿ ಮಹಿಳೆಯರು ಒಂದು ಕಡೆ. ವಯಸ್ಸಿನಲ್ಲಿಯೂ ಕುಟುಂಬದ ಆದಾಯದಲ್ಲಿಯೂ ಅವರನ್ನೇ ಹೋಲುವ, ಆದರೆ ಅಂಥ ಹೊರೆಯಿಲ್ಲದ 13 ಮಂದಿ ಇನ್ನೊಂದು ಕಡೆ. ಎಲ್ಲರ ಮುಂಗೈಯ ಬಳಿಯೂ ಮೂರೂವರೆ ಮಿಲಿಮೀಟರಿನ ಒಂದು ಪುಟ್ಟ ಗಾಯವನ್ನು ವೈದ್ಯರೇ ಮಾಡಿದರು. ಆಮೇಲೆ ಚಿತ್ರ ತೆಗೆದು ಅಳೆದರು; ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ನೊರೆ ಬರುವುದು ನಿಂತಿತೇ ಎಂದು ಪರೀಕ್ಷಿಸಿದರು.

ಹೊರೆಯಿಲ್ಲದವರ ಗಾಯ ಸರಾಸರಿ 39 ದಿನಗಳಲ್ಲಿ ಪೂರ್ತಿ ಮಾಯಿತು. ರೋಗಿಯ ಆರೈಕೆಯಲ್ಲಿದ್ದವರ ಗಾಯಕ್ಕೆ ಸುಮಾರು 48 ದಿನಗಳು ಬೇಕಾದವು. ಒಂಬತ್ತು ದಿನಗಳ ಈ ಅಂತರ ಚಿಕ್ಕದಲ್ಲ. ಗಾಯವಾದ ಕಡೆಗೆ ರಕ್ಷಣೆಯ ಕಣಗಳನ್ನು ಕರೆತರುವ ಒಂದು ರಾಸಾಯನಿಕ ಸಂಕೇತವನ್ನು ಆ ಮಹಿಳೆಯರ ರಕ್ತಕಣಗಳು ಕಡಮೆ ಪ್ರಮಾಣದಲ್ಲಿ ಹೊರಡಿಸುತ್ತಿದ್ದುದೂ ಕಂಡುಬಂದಿತು. ತಮಗೇನೂ ಆಗಿಲ್ಲವೆಂದು ಹೇಳಿಕೊಂಡು ಹಗಲಿರುಳೂ ಇನ್ನೊಬ್ಬರ ಹಾಸಿಗೆಯ ಪಕ್ಕದಲ್ಲಿ ನಿಂತವರ ದಣಿವನ್ನು ಒಂದು ಪುಟ್ಟ ಗಾಯ ಬಯಲಿಗೆಳೆಯಿತು.

ಪರೀಕ್ಷೆಯ ಕಾಲ

ಅದೇ ವಿಶ್ವವಿದ್ಯಾನಿಲಯದವರು 1998ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಮತ್ತೂ ಸ್ವಾರಸ್ಯವಾದದ್ದು. ದಂತವೈದ್ಯ ಕಲಿಯುತ್ತಿದ್ದ 11 ಮಂದಿ ವಿದ್ಯಾರ್ಥಿಗಳು ತಮ್ಮ ಬಾಯಿಯ ಅಂಗುಳಿನಲ್ಲಿ ಎರಡು ಬಾರಿ ಪುಟ್ಟ ಗಾಯ ಮಾಡಿಸಿಕೊಳ್ಳಲು ಒಪ್ಪಿದರು. ಮೊದಲ ಗಾಯ ಬೇಸಗೆಯ ರಜೆಯಲ್ಲಿ. ಎರಡನೆಯದು ದೊಡ್ಡ ಪರೀಕ್ಷೆಗೆ ಮೂರು ದಿನ ಮುಂಚೆ. ಪರೀಕ್ಷೆಯ ಕಾಲದ ಗಾಯ ವಾಸಿಯಾಗಲು ಸರಾಸರಿ ಮೂರು ದಿನ ಹೆಚ್ಚು, ಅಂದರೆ ನೂರಕ್ಕೆ 40ರಷ್ಟು ಹೆಚ್ಚು ಕಾಲ ಹಿಡಿಯಿತು. ರಜೆಯಲ್ಲಿ ಮಾದಷ್ಟು ಬೇಗ ಪರೀಕ್ಷೆಯಲ್ಲಿ ಒಬ್ಬರಿಗಾದರೂ ಮಾಯಲಿಲ್ಲ. ಇಲ್ಲಿ ಹೋಲಿಕೆ ಬೇರೊಬ್ಬರೊಡನೆ ಅಲ್ಲ. ಅದೇ ಹುಡುಗ, ಅದೇ ಹುಡುಗಿ, ಅದೇ ಬಾಯಿ. ಬದಲಾದದ್ದು ಕಾಲ ಮತ್ತು ಮನಸ್ಸಿನ ಸ್ಥಿತಿ.

ಗಾಯವೇ ಇಲ್ಲದ ಚರ್ಮದ ಗತಿಯೇನು? ಹೊರಚರ್ಮದ ಮೇಲುಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸುವುದುಂಟು. ಒಣಗಿದ ಕಣಗಳು ಇಟ್ಟಿಗೆ, ಅವುಗಳ ನಡುವಣ ಜಿಡ್ಡು ಗಾರೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ನಂಜು ಒಳಗೆ ಬಾರದಂತೆ ಕಾಯುವುದು ಈ ಗೋಡೆಯೇ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 27 ಮಂದಿ ವಿದ್ಯಾರ್ಥಿಗಳ ಚರ್ಮಕ್ಕೆ ಅಂಟುಪಟ್ಟಿಯನ್ನು ಮತ್ತೆಮತ್ತೆ ಅಂಟಿಸಿ ಕಿತ್ತು, ಈ ಗೋಡೆಯನ್ನು ತುಸು ಸವೆಯಿಸಿ, ಅದು ಎಷ್ಟು ಬೇಗ ರಿಪೇರಿಯಾಗುವುದೆಂದು ನೋಡಲಾಯಿತು. ರಜೆಯ ಬಳಿಕ ಬೇಗ, ಪರೀಕ್ಷೆಯ ಕಾಲದಲ್ಲಿ ನಿಧಾನ. ಹೆಚ್ಚು ಕಳವಳಗೊಂಡವರಲ್ಲಿ ಹೆಚ್ಚು ನಿಧಾನ. ಕಾರ್ಟಿಸೋಲ್ ಬಹುಕಾಲ ಏರಿದ್ದರೆ ಗಾರೆಯ ಜಿಡ್ಡು ಸಾಕಷ್ಟು ತಯಾರಾಗದು. ಗೋಡೆ ಬಿರುಕುಬಿಟ್ಟ ಮೇಲೆ ಒಣಗುವಿಕೆ, ಉರಿ, ತುರಿಕೆ ಸುಲಭವಾಗಿ ಕಾಣಿಸಿಕೊಳ್ಳುತ್ತವೆ.

ಮೊಡವೆಯ ಸಂಗತಿಯನ್ನು ಹರೆಯದವರು ಪ್ರಯೋಗವಿಲ್ಲದೆಯೇ ಬಲ್ಲರು. ಆದರೂ 2003ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 22 ಮಂದಿ ವಿದ್ಯಾರ್ಥಿಗಳ ಮೊಡವೆಗಳನ್ನು ಪರೀಕ್ಷೆ ಇರುವಾಗಲೂ ಇಲ್ಲದಿರುವಾಗಲೂ ಎಣಿಸಿ, ಕಳವಳ ಏರಿದಂತೆ ಮೊಡವೆಯೂ ಏರುವುದೆಂದು ತೋರಿಸಿದರು. ಚರ್ಮದ ಎಣ್ಣೆಯ ಗ್ರಂಥಿಗಳಿಗೆ ಮಿದುಳಿನ ಆತಂಕದ ಸಂದೇಶ ತಾನೇ ಮುಟ್ಟುತ್ತದೆ. ಅದರ ಮೇಲೆ, ಓದುತ್ತ ಕುಳಿತಾಗ ಅರಿವಿಲ್ಲದೆ ಕೈ ಮುಖಕ್ಕೆ ಹೋಗಿ ಮೊಡವೆಯನ್ನು ಚಿವುಟುವುದೂ ಸೇರಿಕೊಳ್ಳುತ್ತದೆ.

ಕೂದಲು ಉದುರುವುದರಲ್ಲಿ ಚಿಂತೆಯ ಲೆಕ್ಕ ತಡವಾಗಿ ಬರುತ್ತದೆ. ದೊಡ್ಡ ಆಘಾತ, ತೀವ್ರ ಜ್ವರ, ಹೆರಿಗೆ ಮುಂತಾದವುಗಳ ಬಳಿಕ ಬಹಳಷ್ಟು ಕೂದಲಿನ ಬೇರುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ. ಉದುರುವುದು ಎರಡು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಕಾರಣ ಮರೆತೇಹೋಗಿರುವುದರಿಂದ ಬಾಚಣಿಗೆ ತುಂಬ ಬಂದ ಕೂದಲನ್ನು ಕಂಡು ಎದೆ ಒಡೆಯುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ. ಆಘಾತದಿಂದ ಹೆಚ್ಚಾಗಿ ಉದುರಿದ್ದು ಕೂಡ ಬೇರು ಸತ್ತುದರಿಂದ ಅಲ್ಲವಾದ್ದರಿಂದ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮತ್ತೆ ಹುಟ್ಟಿಕೊಳ್ಳುತ್ತದೆ.

ನಾಚಿಕೆಯೆಂಬ ಎರಡನೆಯ ರೋಗ

ಇಸಬು, ಸೋರಿಯಾಸಿಸ್, ಪಿತ್ತದ ಗಂದೆ, ಮೊಡವೆ ಇವು ಚಿಂತೆಯಿಂದ ಉಲ್ಬಣಗೊಳ್ಳುವ ರೋಗಗಳು. ಉಲ್ಬಣಗೊಳ್ಳುವುದು ಬೇರೆ, ಹುಟ್ಟುವುದು ಬೇರೆ. ಇಸಬಿಗೂ ಸೋರಿಯಾಸಿಸ್ಸಿಗೂ ವಂಶದಿಂದ ಬಂದ ಒಲವು ಇರುತ್ತದೆ. ದೇಹದ ರಕ್ಷಣಾವ್ಯವಸ್ಥೆ ಹದ ತಪ್ಪಿರುತ್ತದೆ. ಹುಳುಕಡ್ಡಿಗೆ ಕಾರಣ ಶಿಲೀಂಧ್ರ, ಕಜ್ಜಿಗೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ಕುಷ್ಠಕ್ಕೆ ಕಾರಣ ಒಂದು ರೋಗಾಣು. ಇವನ್ನು ಮನಸ್ಸಮಾಧಾನದಿಂದ ಓಡಿಸಲು ಹೊರಟವರು ರೋಗವನ್ನು ಬೆಳೆಸಿಕೊಳ್ಳುತ್ತಾರೆ, ಅಷ್ಟೆ.

ರೋಗ ಮತ್ತು ಚಿಂತೆಗಳ ನಡುವೆ ಇನ್ನೊಂದು ದಾರಿಯೂ ಉಂಟು, ಅದು ಹಿಂದುಮುಂದಾದದ್ದು. ಚಿಂತೆಯಿಂದ ತುರಿಕೆ, ತುರಿಸಿದ್ದರಿಂದ ಗಾಯ, ರಾತ್ರಿಯ ತುರಿಕೆಯಿಂದ ನಿದ್ರಾಭಂಗ, ನಿದ್ರೆಯಿಲ್ಲದ್ದರಿಂದ ಮತ್ತಷ್ಟು ಚಿಂತೆ. ಈ ಗಾಣದಲ್ಲಿ ಸಿಕ್ಕಿದವರಿಗೆ ನೆರೆಹೊರೆಯವರ ಕಣ್ಣು ಮತ್ತೊಂದು ಹೊರೆ. ಕೊರಳಿನ ಬಳಿ ಸೋರಿಯಾಸಿಸ್ಸಿನ ಪೊರೆ ಇರುವವರ ಪಕ್ಕದಲ್ಲಿ ಬಸ್ಸಿನ ಸೀಟು ಖಾಲಿ ಉಳಿಯುತ್ತದೆ. ತೊನ್ನು ಇರುವ ಹುಡುಗಿಯ ಜಾತಕ ಹಿಂದಿರುಗಿ ಬರುತ್ತದೆ. ಸೋರಿಯಾಸಿಸ್ ಅಂಟುವುದಿಲ್ಲ, ತೊನ್ನು ಅಂಟುವುದಿಲ್ಲ, ಇಸಬೂ ಅಂಟುವುದಿಲ್ಲ. ಸೋರಿಯಾಸಿಸ್ ಉಳ್ಳವರನ್ನು ದೂರವಿಡುವ ಪದ್ಧತಿಯ ವಿರುದ್ಧ ಸದಸ್ಯರಾಷ್ಟ್ರಗಳು ಕೆಲಸಮಾಡಬೇಕೆಂದು 2014ರಲ್ಲಿ ವಿಶ್ವ ಆರೋಗ್ಯ ಸಭೆಯೇ ನಿರ್ಣಯ ಕೈಗೊಂಡಿತು.

ಆದುದರಿಂದ, ಮುಖದ ಮೇಲೆ ಕಲೆ ಕಂಡ ಕೂಡಲೆ “ಅತಿಯಾಗಿ ಯೋಚನೆ ಮಾಡುತ್ತೀಯೆ, ಅದಕ್ಕೇ ಹೀಗೆ” ಎನ್ನುವ ಬಂಧುಗಳು ಉಪಕಾರ ಮಾಡಿದಂತಾಗುವುದಿಲ್ಲ. ರೋಗದ ಜೊತೆಗೆ ರೋಗ ತಂದುಕೊಂಡ ಅಪರಾಧವನ್ನೂ ಆಕೆಯ ತಲೆಗೆ ಕಟ್ಟಿದಂತಾಗುತ್ತದೆ.

ಕೊಳವೆಯ ಮುಲಾಮಿನ ಮೋಸ

ನಾಚಿಕೆಯಿಂದ ವೈದ್ಯರ ಬಳಿಗೆ ಹೋಗದವರು ಔಷಧಿಯಂಗಡಿಗೆ ಹೋಗುತ್ತಾರೆ. ಅಲ್ಲಿ ಕೊಟ್ಟ ಮುಲಾಮನ್ನು ಹಚ್ಚಿದರೆ ಎರಡೇ ದಿನದಲ್ಲಿ ಕೆಂಪು ಇಳಿದು ಮುಖ ತಿಳಿಯಾಗುತ್ತದೆ. ಇಂಥ ಎಷ್ಟೋ ಮುಲಾಮುಗಳಲ್ಲಿ ಇರುವುದು ಸ್ಟೆರಾಯ್ಡ್. ಚಿಂತೆಯಲ್ಲಿ ದೇಹವೇ ಸುರಿಸುವ ಕಾರ್ಟಿಸೋಲಿನ ಬಳಗಕ್ಕೆ ಸೇರಿದ ವಸ್ತು. ವೈದ್ಯರು ಹೇಳಿದ ರೋಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಮದ್ದು. ಇಸಬಿನ ರೋಗಿಗಳು ಅದಕ್ಕೆ ಅಂಜಬೇಕಾಗಿಲ್ಲ. ಬಿಳುಪಿನ ಆಸೆಗೆ ತಿಂಗಳುಗಟ್ಟಲೆ ಮುಖಕ್ಕೆ ಬಳಿದರೆ ಮಾತ್ರ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಮೊಡವೆ ಮುತ್ತಿ, ಬಿಟ್ಟೊಡನೆ ಮುಖ ಉರಿಯತೊಡಗುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ಅಡಗಿ, ಶಿಲೀಂಧ್ರ ಮರೆಯಲ್ಲಿ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಸ್ಟೆರಾಯ್ಡ್ ಇರುವ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಮಾಡಿದ್ದು ಈ ಹಾವಳಿಯನ್ನು ಕಂಡೇ.

ಏನು ಮಾಡಬೇಕು?

ಮೊದಲು ರೋಗದ ಹೆಸರು ಗೊತ್ತಾಗಬೇಕು. ಅದಕ್ಕೆ ಚರ್ಮವೈದ್ಯರೇ ಬೇಕು. ಮನಸ್ಸಿನ ಉಪಚಾರವು ಔಷಧದ ಜೊತೆಗೇ ಹೊರತು ಔಷಧದ ಬದಲಿಗಲ್ಲ. ಅಮೆರಿಕದ ಜಾನ್ ಕಬಟ್ ಜಿನ್ ಅವರು 1998ರಲ್ಲಿ ಪ್ರಕಟಿಸಿದ ಪ್ರಯೋಗವೇ ಇದಕ್ಕೆ ನಿದರ್ಶನ. ಸೋರಿಯಾಸಿಸ್ಸಿಗಾಗಿ ಬೆಳಕಿನ ಚಿಕಿತ್ಸೆ ಪಡೆಯುತ್ತಿದ್ದ 37 ಮಂದಿಯಲ್ಲಿ ಕೆಲವರಿಗೆ, ಬೆಳಕಿನ ಪೆಟ್ಟಿಗೆಯೊಳಗೆ ನಿಂತಿರುವಾಗಲೇ, ಉಸಿರಿನ ಕಡೆಗೆ ಗಮನವಿಡಲು ಹೇಳುವ ಧ್ವನಿಮುದ್ರಿಕೆಯನ್ನು ಕೇಳಿಸಲಾಯಿತು. ಅವರ ಚರ್ಮ ಉಳಿದವರದಕ್ಕಿಂತ ಬೇಗ ತಿಳಿಯಾಯಿತು. ಪ್ರಯೋಗ ಚಿಕ್ಕದೇ ಆದರೂ ಪಾಠ ಸ್ಪಷ್ಟ. ಅವರು ಧ್ಯಾನಕ್ಕಾಗಿ ಬೆಳಕಿನ ಚಿಕಿತ್ಸೆಯನ್ನು ಬಿಡಲಿಲ್ಲ. ಎರಡನ್ನೂ ಒಟ್ಟಿಗೆ ನಡೆಸಿದರು.

ಚರ್ಮದ ಗೋಡೆಯನ್ನು ಕಾಯುವುದು ಎರಡನೆಯ ಕೆಲಸ. ಸುಡುನೀರಿನ ಸ್ನಾನ ಗಾರೆಯ ಜಿಡ್ಡನ್ನು ತೊಳೆದುಬಿಡುತ್ತದೆ. ಉಗುರುಬೆಚ್ಚಗಿನ ನೀರು, ಮೃದುವಾದ ಸಾಬೂನು ಸಾಕು. ಕಲ್ಲು, ನಾರು ಹಾಕಿ ಉಜ್ಜಬಾರದು. ಮೈ ಒರಸಿಕೊಂಡು ಇನ್ನೂ ತೇವವಿರುವಾಗಲೇ ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ತೆಳುವಾಗಿ ಸವರಿಕೊಂಡರೆ ನೀರಿನಂಶ ಒಳಗೇ ಉಳಿಯುತ್ತದೆ. ಮೊಡವೆಯ ಮುಖಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಸಲ್ಲದು. ತುರಿಕೆ ಎದ್ದಾಗ ತಣ್ಣೀರಿನ ಬಟ್ಟೆ ಹಾಕಬೇಕು; ಉಗುರನ್ನು ಗಿಡ್ಡವಾಗಿ ಕತ್ತರಿಸಿರಬೇಕು. ಕೈ ತಾನಾಗಿ ತುರಿಸಲು ಹೊರಟರೆ ಮುಷ್ಟಿಯನ್ನು ಬಿಗಿಹಿಡಿದು ಮೂವತ್ತರವರೆಗೆ ಎಣಿಸುವುದು ಅಭ್ಯಾಸ ಬಿಡಿಸಲು ವೈದ್ಯರು ಕಲಿಸುವ ಉಪಾಯ.

ಮೂರನೆಯದು ನಿದ್ರೆ. ಮಲಗುವ ಹೊತ್ತು, ಏಳುವ ಹೊತ್ತು ದಿನವೂ ಒಂದೇ ಆಗಿರಲಿ. ಫೋನು ಹಾಸಿಗೆಯಿಂದ ದೂರವಿರಲಿ. ಮಲಗಿದ ಮೇಲೆ ಕಾಲಬೆರಳಿನಿಂದ ಹಿಡಿದು ಹಣೆಯವರೆಗೆ ಒಂದೊಂದು ಮಾಂಸಖಂಡವನ್ನು ಬಿಗಿದು ಸಡಿಲಿಸುವ ಕ್ರಮವನ್ನು ಷಿಕಾಗೋದ ಎಡ್ಮಂಡ್ ಜೇಕಬ್‌ಸನ್ ತಮ್ಮ 1929ರ ಪುಸ್ತಕದಲ್ಲಿ ಪ್ರಚಾರಕ್ಕೆ ತಂದರು. ಶವಾಸನ ಬಲ್ಲವರಿಗೆ ಇದು ನೆಂಟನಂತೆಯೇ ತೋರುವುದು. ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಡುವುದು ಇನ್ನೂ ಸುಲಭ. ಬಸ್ಸಿನಲ್ಲಿ ಕುಳಿತೂ ಮಾಡಬಹುದು.

ನಾಲ್ಕನೆಯದು, ಒಳಗಿನದನ್ನು ಹೊರಗಿಡುವುದು. 2013ರಲ್ಲಿ ನ್ಯೂಜಿಲೆಂಡಿನಲ್ಲಿ 64ರಿಂದ 97 ವರ್ಷದ 49 ಮಂದಿ ಹಿರಿಯರ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಕೆಲವರು ಮೂರು ದಿನ, ದಿನಕ್ಕೆ 20 ನಿಮಿಷ, ತಮ್ಮನ್ನು ನೋಯಿಸಿದ ಸಂಗತಿಯನ್ನು ಮನಬಿಚ್ಚಿ ಬರೆದರು. ಉಳಿದವರು ದಿನಚರಿಯ ಸಾಧಾರಣ ವಿಷಯ ಬರೆದರು. ತರುವಾಯ ಎಲ್ಲರ ತೋಳಿನಲ್ಲಿಯೂ ಪುಟ್ಟ ಗಾಯ ಮಾಡಲಾಯಿತು. ಹನ್ನೊಂದನೆಯ ದಿನ ನೋಡಿದಾಗ ಮನಬಿಚ್ಚಿ ಬರೆದವರಲ್ಲಿ ನೂರಕ್ಕೆ 76 ಮಂದಿಯ ಗಾಯ ಮಾದಿತ್ತು. ಉಳಿದವರಲ್ಲಿ 42 ಮಂದಿಯದು. ಬರೆದ ಹಾಳೆಯನ್ನು ಯಾರಿಗೂ ತೋರಿಸಬೇಕಾಗಿಲ್ಲ, ಇಟ್ಟುಕೊಳ್ಳಲೂ ಬೇಕಾಗಿಲ್ಲ.

ಬರೆದು ತೀರದ ದುಃಖವೂ ಉಂಟು. ಊಟ ಸೇರದೆ, ನಿದ್ರೆ ಬಾರದೆ, ಬದುಕೇ ಬೇಡವೆನಿಸಿದರೆ ಮನೋವೈದ್ಯರನ್ನು ಕಾಣಲು ಹಿಂಜರಿಯಬಾರದು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಈ ಸೇವೆಯ ಪ್ರಧಾನ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಇಷ್ಟಾದರೂ ಕೆಲವು ಚಿಂತೆಗಳು ಉಸಿರಾಟದಿಂದಾಗಲಿ ಬರವಣಿಗೆಯಿಂದಾಗಲಿ ಹೋಗುವಂಥವಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬಳೇ ನೋಡಿಕೊಳ್ಳುವ ಸೊಸೆಗೆ ಪ್ರಾಣಾಯಾಮ ಮಾಡೆಂದು ಹೇಳಿ ಎದ್ದುಹೋಗುವುದು ಸುಲಭ. ಆಕೆಗೆ ಬೇಕಾದುದು ಉಪದೇಶವಲ್ಲ. ವಾರಕ್ಕೆ ಎರಡು ಮಧ್ಯಾಹ್ನ ಆ ಹಾಸಿಗೆಯ ಪಕ್ಕದಲ್ಲಿ ಕುಳಿತುಕೊಳ್ಳುವ ಇನ್ನೊಬ್ಬರು. ಮನೆಯ ಗಂಡಸರು, ಊರಿನಲ್ಲಿರುವ ನಾದಿನಿ, ಓದು ಮುಗಿಸಿ ಮನೆಯಲ್ಲಿರುವ ಮಗ, ಯಾರಾದರೂ ಆಗಬಹುದು. ಆಕೆಯ ಕೈಯ ಮೇಲಿನ ಇಸಬಿಗೆ ವೈದ್ಯರು ಮುಲಾಮು ಕೊಡುತ್ತಾರೆ. ಅದು ಮಾಯಲು ಬೇಕಾದ ಉಳಿದ ಮದ್ದನ್ನು ಮನೆಯವರೇ ಕೊಡಬೇಕು.